ರಾಹುಕಾಲದಲ್ಲಿ ಹೋದ ರೆಸ್ಯೂಮ್

ಇವತ್ತು ಬೆಳಿಗ್ಗೆ ಅಮ್ಮ ತಂಬಿಟ್ಟಿಗೆಂದು ಅಕ್ಕಿ ಹುರಿಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದೆ ಧಸಕ್ಕೆಂದಿತು. ನನಗೆ ಜಪಾನಿ ಭಾಷೆ ಕಲಿಸಿದ ಮೇಡಂ ಹುರಿದಕ್ಕಿ ಹಾಕಿದ ಹಸಿರು ಚಹಾ ಕುಡಿಯುತ್ತಿದ್ದರು. ಸಾರಕ್ಕಿ ಮಾರ್ಕೆಟ್ಟಿನ ಹಿಂದೆ ಅವರ ಮಹಡಿ ಮನೆಯ ಮೆಟ್ಟಿಲು ಹತ್ತುವಾಗಲೇ ಆ ವಾಸನೆ ಬರುತ್ತಿತ್ತು. ಇವತ್ತೇನು ಬೈಸಿಕೊಳ್ಳುತ್ತೇನೋ ಎಂಬ ಭಯವೂ ಜೊತೆಗೇ ಶುರುವಾಗುತ್ತಿತ್ತು.

ಹಣೆಯಲ್ಲಿ ದೊಡ್ಡ ಕುಂಕುಮ, ಗೋಡೆಯಲ್ಲಿ ಪಂಚಾಂಗದ ಕ್ಯಾಲೆಂಡರ್. ರಾಹುಕಾಲದಲ್ಲಿ ಅವರು ಹೊಸ ಪಾಠ ಕೂಡ ಶುರುಮಾಡುತ್ತಿರಲಿಲ್ಲ. ಜಪಾನಿನ ರೀತಿ ರಿವಾಜನ್ನೂ ಅಷ್ಟೇ ಮಡಿಯಿಂದ ಪಾಲಿಸುತ್ತಿದ್ದರು.

ನಾನಾಗ ಬನಶಂಕರಿಯ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ಅದು ಮುಚ್ಚುವುದರಲ್ಲಿತ್ತು. ಜಪಾನಿನ ಒಂದು ವೃದ್ಧರ ಆರೈಕೆ ಕೇಂದ್ರಕ್ಕೆ ರೆಸ್ಯೂಮ್ ಕಳಿಸಲು ಆ ಗುರುವಾರವೇ ಕಡೆಯ ದಿನ. ಅದು ತಪ್ಪಿದರೆ ನನಗೆ ಬೇರೆ ದಾರಿ ಇರಲಿಲ್ಲ. ಅವತ್ತು ಮೇಡಂ ಮನೆಯಲ್ಲೇ ಕೂತು ಮೇಲ್ ಬರೆದೆ. 'ರೆಸ್ಪೆಕ್ಟೆಡ್ ಸರ್' ಎಂದು ಶುರುಮಾಡಿದ್ದನ್ನು ಅವರೇ ಅಳಿಸಿಹಾಕಿದರು. ಮೊದಲು ಸಂಸ್ಥೆಯ ಪೂರ್ತಿ ಹೆಸರು, ಆಮೇಲೆ ಓದುವವರ ಹೆಸರು, ಅದರ ಕೊನೆಗೆ ಮರ್ಯಾದೆಯ 'ಸಾಮಾ'. ಕಳಿಸುವ ಮೇಲ್ ವಿಳಾಸ ಮಾತ್ರ ಎಲ್ಲ ಮುಗಿದ ಮೇಲೆ. ಕೈತಪ್ಪಿ ಅರ್ಧ ಮೇಲ್ ಹೋಗಿಬಿಡಬಾರದಲ್ಲ.

"ಆಫೀಸ್ ಮುಚ್ಚಿದ್ಮೇಲೆ ಮೇಲ್ ಹಾಕೋದು ಅಂದ್ರೆ ಊಟಕ್ಕೆ ಕೂತವರ ಬಾಗಿಲು ಬಡಿದ ಹಾಗೆ ಕಣೇ," ಎಂದರು. ನಾನು ಅವಸರದಲ್ಲಿ ಮತ್ತೆ ಮತ್ತೆ ತಪ್ಪು ಅಕ್ಷರ ಒತ್ತುತ್ತಿದ್ದೆ.

ಎಲ್ಲ ಮುಗಿಯುವಷ್ಟರಲ್ಲಿ ಒಂದೂವರೆ ದಾಟಿತ್ತು. ರಾಹುಕಾಲ. ಅದು ಕಳೆಯಲು ಮಧ್ಯಾಹ್ನ ಮೂರಾಗಬೇಕು. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಷ್ಟರಲ್ಲಿ ಅಲ್ಲಿ ಸಂಜೆ ಆರೂವರೆಯಾಗಿ ಆಫೀಸ್ ಮುಚ್ಚಿರುತ್ತದೆ. ನಾನು ಅಳುವಂತಾದೆ. ಮೇಡಂ ಕ್ಯಾಲೆಂಡರ್ ಕಡೆ ನೋಡಿದರು, ಮುಖ ಬಿಳಿಚಿಕೊಂಡಿತ್ತು. ಅಷ್ಟು ಗಟ್ಟಿಗಿತ್ತಿ ಹೆದರಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ಜರುಗು ಆ ಕಡೆ. ನಾನೇ ಒತ್ತೀನಿ. ಏನಾದ್ರೂ ಬಂದ್ರೆ ನನಗೆ ಬರ್ಲಿ, ನಿನಗೆ ಬೇಡ."

ಒತ್ತಿಬಿಟ್ಟರು. ಆಮೇಲೆ ಹೋಗಿ ದೇವರ ಮುಂದೆ ಬಹಳ ಹೊತ್ತು ಕೂತರು...

ಕೆಲಸ ಸಿಕ್ಕಿತು. ನಾನು ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲೇ ಮೇಡಂ ಸ್ಟ್ರೋಕಾಗಿ ತೀರಿಕೊಂಡರು. ಕಡೆಯ ಸಲ ಮುಖ ನೋಡಲೂ ಆಗಲಿಲ್ಲ. ಅವರಿಗೆ ಬಿಪಿ ಇತ್ತು, ಮಾತ್ರೆ ತಪ್ಪಿಸುತ್ತಿದ್ದರು. ನರ್ಸಾದ ನನಗೆ ಇದೆಲ್ಲ ಗೊತ್ತು. ಆದರೂ 'ಬಂದ್ರೆ ನನಗೆ ಬರ್ಲಿ' ಎಂದ ಅವರ ಮಾತು ನೆನಪಾದರೆ, ನನಗೆ ಬರಬೇಕಾದದ್ದು ಅವರಿಗೆ ಬಂತೇನೋ ಎನಿಸುತ್ತದೆ...

ಅಲ್ಲಿನ ಕೆಲಸದ ಅವಧಿ ಮುಗಿದು ಈಗ ಜೆ.ಪಿ. ನಗರದ ಮನೆಗೆ ಬಂದಿದ್ದೇನೆ. ಮತ್ತೊಂದು ಕೇಂದ್ರಕ್ಕೆ ರೆಸ್ಯೂಮ್ ಕಳಿಸಲು ಇವತ್ತೇ ಕಡೆಯ ದಿನ, ಇವತ್ತೂ ಗುರುವಾರ. ತಿದ್ದಿ ತಿದ್ದಿ ಒಂದೂವರೆ ಆಗಿಹೋಯಿತು. ವಿಳಾಸವನ್ನು ಕೊನೆಗೇ ಹಾಕಿದೆ.

"ರಾಹುಕಾಲ ಬಂತು ಕಣೇ, ಮೂರರ ಮೇಲೆ ಕಳ್ಸು," ಎಂದಳು ಅಮ್ಮ ಅಡುಗೆಮನೆಯಿಂದ.

ಜರುಗು ಎನ್ನುವವರು ಪಕ್ಕದಲ್ಲಿ ಇರಲಿಲ್ಲ. ಬಂದರೆ ನನಗೇ ಬರಲಿ ಎಂದು, ಅಮ್ಮನಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿಕೊಂಡು ಒತ್ತಿದೆ.