ಜೇಬಿನಲ್ಲುಳಿದ ಹಿಡಿಕೆ

ಹಡಗಿನಲ್ಲಿ ಅವನು ಪೈಪಣ್ಣ. ಹೆಂಡತಿಯ ತವರಿನಲ್ಲಿ ಇಂಜಿನ್ ಅಳಿಯ. ಮೊದಲನೆಯ ಹೆಸರು ದುಡಿದು ಬಂದದ್ದು, ಎರಡನೆಯದು ಬಾಯಿ ಜಾರಿ ಬಂದದ್ದು.

ಜಾರಿದ್ದು ಮದುವೆಯ ಮಾತಿಗೆ ಕೂತ ದಿನ. ಹುಡುಗಿಯ ಅಪ್ಪ ಬಸ್ ಡಿಪೋದ ಮೆಕ್ಯಾನಿಕ್ಕು. ಗ್ರೀಸು ಅಂಟಿದ ಉಗುರನ್ನು ಕಡ್ಡಿಯಿಂದ ಕೆರೆದುಕೊಳ್ಳುತ್ತಾ ಕೇಳಿದರು, "ವಿಮಾನ ಇಳಿಯೋ ಹಡಗಲ್ಲಿ ನಿಂದೇನಪ್ಪ ಕೆಲಸ?"

"ಮೆಷಿನ್ ಸೆಕ್ಷನ್ನು."

"ಅಂದ್ರೆ ಇಂಜಿನ್ನು!"

ಇಲ್ಲ ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಬಾಗಿಲ ಮರೆಯಲ್ಲಿ ಹುಡುಗಿ ನಿಂತಿದ್ದಳು. "ಹಾಗೇ ಇಟ್ಕೊಳ್ಳಿ," ಅಂದ. ಮಾವನವರು ಇಟ್ಟುಕೊಂಡೇಬಿಟ್ಟರು. ಸಂಜೆಯೊಳಗೆ ಡಿಪೋಗೆಲ್ಲ ಡಂಗುರವಾಯಿತು.

ನಿಜ ಏನೆಂದರೆ, ಅವನು ಹಡಗಿನ ಕಕ್ಕಸಿನ ಪೈಪು ನೋಡಿಕೊಳ್ಳುವವನು. ಹೆಂಡತಿಗೆ ಮದುವೆಯಾದ ತಿಂಗಳಲ್ಲೇ ತಿಳಿಯಿತು. ಬಟ್ಟೆ ಒಗೆಯುವವಳಿಂದ ಯಾವ ಗುಟ್ಟು ಮುಚ್ಚಿಡಲು ಸಾಧ್ಯ? ರಜೆಗೆ ಬಂದವನ ಚೀಲ ಬಿಚ್ಚಿ, ಮೂಗಿಗೆ ಕೈ ಹಿಡಿದು, "ರೀ, ನಿಮ್ಮ ಇಂಜಿನ್ನು ಏನು ತಿನ್ನತ್ತೆ?" ಅಂದಳು. ಅವನು ತಲೆ ತಗ್ಗಿಸಿದ್ದು ನೋಡಿ ಮತ್ತೆ ಕೇಳಲಿಲ್ಲ. ಅಪ್ಪನ ಮುಂದೆ ಬಾಯಿ ಬಿಡಲೂ ಇಲ್ಲ.

ಅವನು ಮುಚ್ಚಿಟ್ಟದ್ದು ಮಾವನವರೊಬ್ಬರಿಂದಲೇ ಅಲ್ಲ, ತನ್ನ ಅಮ್ಮನಿಂದಲೂ. ಅವನ ಅಮ್ಮ ದೊಡ್ಡಾಸ್ಪತ್ರೆಯ ಆಯಾ. ಏಳಲಾಗದ ರೋಗಿಗಳ ಮಲಮೂತ್ರ ಬಾಚಿ ಮಗನನ್ನು ಸಾಕಿದವಳು. ಶಾಲೆಯಲ್ಲಿ ಹುಡುಗರು ಮೂಗು ಮುಚ್ಚಿಕೊಂಡು "ಫಿನಾಯಿಲು ಬಂತು" ಎಂದು ಕುಣಿದಾಗ ಅವನು ಅತ್ತುಕೊಂಡು ಬಂದಿದ್ದ. "ಅಳಬೇಡ್ವೋ, ಇದು ನನ್ನ ತಲೆಗೇ ಕೊನೆ, ನೀನು ಮುಟ್ಟಲ್ಲ," ಎಂದು ಅವಳು ಸಮಾಧಾನ ಹೇಳಿದ್ದಳು. ಆಮೇಲೆ ಆ ಮಾತನ್ನು ವಾರ್ಡಿನವರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಅಂಥವಳ ಮುಂದೆ ನಿಂತು ಏನೆಂದು ಹೇಳುವುದು? ನೌಕಾಪಡೆಗೆ ಸೇರಿದ ಮೇಲೆ ಹಂಚಿದ ಕೆಲಸ ಅದು. ಕೇಳಿ ಪಡೆದದ್ದಲ್ಲ.

ಕೆಲಸ ಮಾತ್ರ ಅವನ ಕೈಗೆ ಹತ್ತಿತ್ತು. ಮೊದಲು ಅವನಿದ್ದದ್ದು ಹಳೆಯ ವಿಮಾನವಾಹಕ ನೌಕೆಯಲ್ಲಿ. ಅದು ದೂರದ ಕಡಲುಗಳಿಗೆ ಹೋಗಿ ತಿಂಗಳುಗಟ್ಟಲೆ ನಿಂತು ಬಂದ ಮುದಿ ಸಲಗ. ಯಾವ ಯುದ್ಧದ ಅಂಚಿಗೆ ಹೋದರೂ ಅವನು ಕಂಡದ್ದು ಪೈಪಿನ ಬಾಯಿಯನ್ನೇ. ವಿಮಾನ ಇಳಿದದ್ದು ಅವನಿಗೆ ತಲೆಯ ಮೇಲೆ ಬೀಳುವ ದಡ್ ಎಂಬ ಸದ್ದಿನಿಂದ ಗೊತ್ತಾಗುತ್ತಿತ್ತು. ಹಳೆಯ ಹಡಗಿನ ಕಕ್ಕಸಿಗೆ ಸಮುದ್ರದ ನೀರು, ತೋಳಿನಷ್ಟು ದಪ್ಪದ ಪೈಪು. ಏನು ಬಿದ್ದರೂ ನುಂಗಿಕೊಂಡು ಹೋಗುತ್ತಿತ್ತು.

ಅಲ್ಲಿ ಕಲಿತ ಒಂದು ಕಟ್ಟಳೆಯಿತ್ತು. ರಿಪೇರಿಗೆ ವಾಲ್ವು ಮುಚ್ಚಿದವನು ಅದರ ಹಿಡಿಕೆ ಬಿಚ್ಚಿ ತನ್ನ ಜೇಬಿಗೆ ಹಾಕಿಕೊಳ್ಳಬೇಕು. ತೆರೆಯುವವನೂ ಅವನೇ. ನಡುವೆ ಅಡ್ಮಿರಲ್ಲೇ ಬಂದು ಕೇಳಿದರೂ ಇನ್ನೊಬ್ಬನ ಕೈಗೆ ಕೊಡುವಂತಿಲ್ಲ. ಹಿಂದೊಮ್ಮೆ ಯಾರೋ ಅವಸರಕ್ಕೆ ವಾಲ್ವು ತಿರುಗಿಸಿದ್ದಕ್ಕೆ, ಪೈಪಿಗೆ ಮುಖವೊಡ್ಡಿ ಕೂತಿದ್ದವನ ಕಣ್ಣಿಗೆ ಪೈಪು ತೊಳೆಯುವ ಆಸಿಡ್ಡು ನುಗ್ಗಿತ್ತು. ಆ ಕಣ್ಣು ಹೋಯಿತು. ಅಂದಿನಿಂದ ಹಿಡಿಕೆ ಎಂದರೆ ಮಾತು ಕೊಟ್ಟ ಹಾಗೆ.

ಮುದಿ ಹಡಗು ಗುಜರಿಗೆ ಹೋಯಿತು, ಹೊಸತು ಬಂತು. ಬಂದದ್ದೇನು ಸಾಮಾನ್ಯವೇ! ವಿಮಾನವನ್ನು ಕವಣೆಯ ಕಲ್ಲಿನ ಹಾಗೆ ಎಸೆಯುವ ಕರೆಂಟಿನ ಯಂತ್ರ, ಬಾಂಬು ಹೊತ್ತು ಮೇಲೇರುವ ಲಿಫ್ಟು, ಗೋಡೆಗೆಲ್ಲ ಟಿವಿಯಂಥ ಪರದೆ. ಆದರೆ ಹೊಸ ಎತ್ತು ನೊಗಕ್ಕೆ ಒಗ್ಗುವ ತನಕ ಸಾಲು ಸೊಟ್ಟವೇ. ಎಸೆಯುವ ಯಂತ್ರ ಒಂದು ದಿನ ಎಸೆದರೆ ಮೂರು ದಿನ ಮುನಿಸಿಕೊಂಡು ಕೂರುತ್ತಿತ್ತು. ಲಿಫ್ಟು ನಡುದಾರಿಯಲ್ಲಿ ನಿಲ್ಲುತ್ತಿತ್ತು. ಕಕ್ಕಸಂತೂ ದೇವರಿಗೇ ಪ್ರೀತಿ. ನೀರು ಉಳಿಸಬೇಕೆಂದು ಗಾಳಿಯಿಂದ ಹೀರಿಕೊಳ್ಳುವ ಕಕ್ಕಸು ಕೂರಿಸಿದ್ದರು. ಪೈಪು ಮಣಿಕಟ್ಟಿನಷ್ಟೇ ಸಣ್ಣದು. ಒಬ್ಬ ಮಹಾರಾಯ ಅದರೊಳಗೆ ಹರಕು ಬನಿಯನ್ ಎಸೆದರೆ ಆ ಸಾಲಿನ ಅಷ್ಟೂ ಕಕ್ಕಸುಗಳು ಉಸಿರು ಕಟ್ಟಿ ಸತ್ತಂತೆ ಬೀಳುತ್ತಿದ್ದವು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ," ಎಂದು ಅವನ ಜೊತೆಗಾರ ವೆಲ್ಡರ್ ನಗುತ್ತಿದ್ದ. "ಆಕಾಶಕ್ಕೆ ವಿಮಾನ ಎಸೀತಾರಂತೆ, ಕೆಳಗೆ ಒಂದು ಚೊಂಬು ಹೋಗಲ್ಲ."

ಹಡಗು ಮೊದಲ ದೂರಪ್ರಯಾಣಕ್ಕೆ ಹೊರಡುವ ಮುಂಚೆ ಮನೆಯವರಿಗೆ ತೋರಿಸುವ ದಿನವೊಂದನ್ನು ಗೊತ್ತು ಮಾಡಿದರು. ಬರುವವರಿಗೆ ಮೇಲಿನ ಅಂಗಳ, ಅದರ ಕೆಳಗೆ ವಿಮಾನ ನಿಲ್ಲಿಸುವ ದೊಡ್ಡ ಕೊಟ್ಟಿಗೆ, ಮುಂಭಾಗದ ಕಕ್ಕಸು ಇಷ್ಟಕ್ಕೇ ಅವಕಾಶ. ಆ ದಿನ ಬೆಳಗಾಗುವಷ್ಟರಲ್ಲಿ ಮುಂಭಾಗದ ಸಾಲೇ ಕಟ್ಟಿಕೊಂಡಿತು. ಪೈಪಣ್ಣ ವಾಲ್ವು ಮುಚ್ಚಿ, ಹಿಡಿಕೆ ಬಿಚ್ಚಿ ಜೇಬಿಗಿಳಿಸಿ, ಪೈಪಿನೊಳಗಿಂದ ನೆಲ ಒರೆಸುವ ಬಟ್ಟೆಯ ಉಂಡೆಯನ್ನು ಎಳೆದು ತೆಗೆದ. ಜೋಡಿಸಿದ ಕಡೆ ಅಂಟು ಬಿಗಿಯಲು ಸ್ವಲ್ಪ ಹೊತ್ತು ಬೇಕಿತ್ತು. ಆಮೇಲೆ ಹಿಡಿಕೆ ಹಾಕಿ ತಿರುಗಿಸಿದರೆ ಮುಗಿಯಿತು.

ಅಷ್ಟರಲ್ಲಿ ನಿಮ್ಮ ಮನೆಯವರು ಬಂದಿದ್ದಾರೆಂದು ಹೇಳಿ ಕಳಿಸಿದರು. ಮಾವನವರು ಮೊದಲ ಬಸ್ಸಿಗೇ ಮಗಳನ್ನೂ ಅವನ ಅಮ್ಮನನ್ನೂ ಹೊರಡಿಸಿಕೊಂಡು ಬಂದಿದ್ದರು. ಅವನು ಕೈ ತೊಳೆದು, ಮತ್ತೆ ತೊಳೆದು, ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟ. ಹಿಡಿಕೆ ಇನ್ನೊಬ್ಬರ ಕೈಗೆ ಸಿಗಬಾರದಲ್ಲ, ಹೊಸ ಜೇಬಿಗೆ ಹಾಕಿಕೊಂಡೇ ಓಡಿದ. ಅವರನ್ನು ಒಂದು ಕಡೆ ಕೂರಿಸಿ ಹೋಗಿ ತೆರೆದು ಬಂದರಾಯಿತು ಎಂದು ಲೆಕ್ಕ ಹಾಕಿದ್ದ.

ಕೂರುವ ಜನವೇ ಮಾವನವರು? "ನಡಿಯಪ್ಪ, ಮೊದಲು ನಿನ್ನ ಇಂಜಿನ್ ತೋರಿಸು. ಎಷ್ಟು ಸಿಲಿಂಡರು?"

"ಇದಕ್ಕೆ ಸಿಲಿಂಡರ್ ಲೆಕ್ಕ ಬರಲ್ಲ ಮಾವ. ಆ ಕಡೆ ಹೊರಗಿನವರನ್ನ ಬಿಡಲ್ಲ."

"ನಾನು ಹೊರಗಿನವನೇನೋ? ಇಂಜಿನ್ ಅಳಿಯನ ಮಾವ ಕಣೋ!"

ಅಮ್ಮ ನಗುತ್ತಿದ್ದಳು. ಸ್ವಾಗತಕ್ಕೆ ಕೊಟ್ಟ ಹಣ್ಣಿನ ರಸವನ್ನು ಮಗನ ಹಡಗಿನದೆಂದು ಎರಡು ಲೋಟ ಕುಡಿದಿದ್ದಳು. ವಿಮಾನದ ರೆಕ್ಕೆಯನ್ನು ಹಸುವಿನ ಬೆನ್ನು ಸವರುವ ಹಾಗೆ ಸವರಿದಳು. ಮೊಣಕಾಲು ನೋವಿದ್ದರೂ ಎಲ್ಲ ಕಡೆ ನಡೆದಳು.

ಕೊಟ್ಟಿಗೆಯ ನಡುವೆ ನಿಂತಿದ್ದಾಗ ಧ್ವನಿವರ್ಧಕ ಗೊರಗುಟ್ಟಿತು. "ಶೌಚ ಪೈಪು ವಿಭಾಗದ ಮೇಸ್ತ್ರಿ ಎಲ್ಲಿದ್ದರೂ ಮುಂಭಾಗದ ಶೌಚಾಲಯಕ್ಕೆ ಬರಬೇಕು."

ಅವನ ಕಿವಿ ಕೆಂಡವಾಯಿತು. ಮಾವನವರು ತಮಾಷೆಗೆ, "ಪಾಪ, ಕಕ್ಕಸಿನವನನ್ನ ಕರೀತಿದಾರೆ. ಇಷ್ಟು ದೊಡ್ಡ ಹಡಗಿಗೂ ಅಂಥವನೊಬ್ಬ ಬೇಕಲ್ಲ," ಅಂದರು.

"ಬೇಕಲ್ಲ ಮಾವ," ಅಂದ. ಹೆಂಡತಿ ಅವನ ಮುಖವನ್ನೇ ನೋಡಿದಳು. ಅವನು ವಿಮಾನದ ಚಕ್ರ ನೋಡಿದ.

ಮತ್ತೊಮ್ಮೆ ಕೂಗಿದರು. ಆಮೇಲೆ ವೆಲ್ಡರನೇ ಜನರ ನಡುವೆ ನುಸುಳಿಕೊಂಡು ಬಂದ. ಬಂದವನು ಮನೆಯವರನ್ನೆಲ್ಲ ಒಂದು ಸಲ ನೋಡಿ, ಜಾಣನಲ್ಲವೇ, ಬಾಯಿ ಬಿಡದೆ ದೂರದಿಂದಲೇ ಕೈಯಲ್ಲಿ ಹಿಡಿಕೆ ತಿರುಗಿಸುವ ಸನ್ನೆ ಮಾಡಿ ಹುಬ್ಬು ಹಾರಿಸಿದ. ನಿನ್ನ ಹತ್ತಿರ ಇದೆಯಾ?

ಇವನು ಇಲ್ಲವೆಂದು ತಲೆಯಾಡಿಸಿದ.

ಯಾಕೆ ಹಾಗೆ ಮಾಡಿದನೋ ಅವನಿಗೇ ತಿಳಿಯದು. ಹೂಂ ಅಂದಿದ್ದರೆ ಅಲ್ಲೇ, ಮಾವನವರ ಕಣ್ಣೆದುರಿಗೇ, ಜೇಬಿನಿಂದ ತೆಗೆಯಬೇಕಾಗುತ್ತಿತ್ತು. ಹಿಡಿಕೆ ಎಲ್ಲೋ ಬಿದ್ದಿರಬೇಕೆಂದು ತಿಳಿದು ವೆಲ್ಡರ್ ಹುಡುಕಲು ಓಡಿದ. ಕಟ್ಟಳೆ ಮೀರುವ ಮನುಷ್ಯನಲ್ಲ ಅವನು. ಬೇರೆ ಪಾನಾ ಹಾಕಿ ತಿರುಗಿಸಲಾರ.

ಸ್ವಲ್ಪ ಹೊತ್ತಿಗೆ ಅಮ್ಮ ಮಗನ ತೋಳು ಹಿಡಿದು ಪಿಸುಗುಟ್ಟಿದಳು, "ಒಂದಕ್ಕೆ ಹೋಗ್ಬೇಕಲ್ಲೋ. ಆ ರಸ ಕುಡಿದದ್ದು ತಪ್ಪಾಯ್ತು."

ಕರೆದುಕೊಂಡು ಹೋದ. ಮಾವನವರೂ ಹೆಂಡತಿಯೂ ಹಿಂದೆಯೇ ಬಂದರು. ಬಾಗಿಲಿಗೆ ಹಗ್ಗ ಕಟ್ಟಿತ್ತು. ಮುಂದೆ ಹೆಂಗಸರು, ಮುದುಕರು, ಕೈಕೂಸುಗಳ ತಾಯಂದಿರು ಸಾಲಾಗಿ ನಿಂತು ಗೊಣಗುತ್ತಿದ್ದರು. ಹಿಂಭಾಗದ ಕಕ್ಕಸಿಗೆ ನೆಟ್ಟಗೆ ನಿಂತ ಕಬ್ಬಿಣದ ಏಣಿ ಇಳಿಯಬೇಕು. ಅಮ್ಮನ ಮೊಣಕಾಲಿಗೆ ಅದು ಆಗದ ಮಾತು.

"ಸ್ವಲ್ಪ ತಡ್ಕೊಳಮ್ಮ. ಈಗ ಸರಿ ಮಾಡ್ತಾರೆ," ಅಂದ.

ಮಾಡ್ತಾರೆ ಅಂದ! ಮಾಡುವವನು ತಾನೇ, ಮಾಡುವ ವಸ್ತು ತೊಡೆಗೆ ಒತ್ತುತ್ತಿದೆ. ವಾಲ್ವು ಇದ್ದದ್ದು ಅದೇ ಗೋಡೆಯ ಹಿಂದೆ.

"ಮಾವ, ಇಲ್ಲೇ ಇರಿ, ಒಂದು ನಿಮಿಷ ಬಂದೆ."

"ಇಂಜಿನ್ ಕಡೆಗಾ? ನಾನೂ ಬಂದೆ ನಡಿ." ಮಾವನವರು ಹೆಗಲಿಗೆ ಕೈ ಹಾಕಿಯೇಬಿಟ್ಟರು.

ಅವನು ನಿಂತ. ಇನ್ನೊಂದು ನೆಪಕ್ಕೆ ಹುಡುಕಿದ. ಹೆಂಡತಿ ಹತ್ತಿರ ಬಂದು ಹಲ್ಲು ಕಚ್ಚಿ, "ರೀ, ಅತ್ತೆ ಮುಖ ನೋಡ್ರಿ. ಹೋಗ್ರಿ," ಅಂದಳು. ಹೋಗುತ್ತೇನೆ, ಮಾವನವರ ಕೈ ಹೆಗಲಿಂದ ಇಳಿಯಲಿ, ಹೋಗುತ್ತೇನೆ. ಮಾವನವರು ಪಕ್ಕದವರಿಗೆ ಅಳಿಯನ ಗುಣಗಾನ ಶುರು ಮಾಡಿದ್ದರು. ಈ ಮಾತು ಮುಗಿಯಲಿ, ಹೋಗುತ್ತೇನೆ.

ಅಮ್ಮ ಎರಡೂ ಕೈಯಿಂದ ತನ್ನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು, ಗೋಡೆಯ ಒಂದು ಮೊಳೆಯನ್ನೇ ದಿಟ್ಟಿಸುತ್ತಿದ್ದಳು. ಆಮೇಲೆ ಅವಳ ಭುಜ ಸಡಿಲವಾಯಿತು. ಬೂದು ಬಣ್ಣ ಬಳಿದ ಕಬ್ಬಿಣದ ನೆಲದ ಮೇಲೆ ನೀರು ಅವಳ ಚಪ್ಪಲಿಯ ಸುತ್ತ ಹರಡಿತು. ಇಳಿಜಾರಿದ್ದುದರಿಂದ ಸಾಲಿನಲ್ಲಿ ನಿಂತವರ ಕಾಲಿನ ಕಡೆಗೇ ಹರಿಯಿತು. ಒಂದು ಮಗು ಬೆರಳು ಮಾಡಿ ತೋರಿಸಿತು. ಅದರ ತಾಯಿ ಆ ಬೆರಳನ್ನು ಮಡಚಿದಳು.

ಹೆಂಡತಿ ತನ್ನ ಶಾಲು ತೆಗೆದು ಅತ್ತೆಯ ಸೊಂಟಕ್ಕೆ ಸುತ್ತಿದಳು. ಅಮ್ಮ ಯಾರ ಮುಖವನ್ನೂ ನೋಡದೆ, "ಒರೆಸೋ ಬಟ್ಟೆ ಇದ್ರೆ ಕೊಡಿ, ನಾನೇ ಒರೆಸ್ತೀನಿ. ನನಗೆ ಅಭ್ಯಾಸ," ಅಂದಳು. ಬಗ್ಗಲೂ ಹೋದಳು.

ಆಗ ಅವನು ಜೇಬಿನಿಂದ ಹಿಡಿಕೆ ತೆಗೆದ.

"ಅದೇನೋ ಅದು?" ಮಾವನವರು ಕೇಳಿದರು.

"ಈ ಕಕ್ಕಸಿನ ವಾಲ್ವಿಂದು. ನಾನೇ ಮುಚ್ಚಿದ್ದು. ಬೆಳಗಿಂದ ಜೇಬಲ್ಲೇ ಇತ್ತು. ಕರೀತಿದ್ದದ್ದು ನನ್ನನ್ನೇ."

ಗೋಡೆಯ ಹಿಂದೆ ಹೋಗಿ ಹಿಡಿಕೆ ಸಿಕ್ಕಿಸಿ ತಿರುಗಿಸಿದ. ಪೈಪು ಒಮ್ಮೆ ಗೊರಕೆ ಹೊಡೆದು ಉಸಿರೆಳೆಯಿತು. ಹೊರಗೆ ಹಗ್ಗ ಬಿಚ್ಚಿದರು, ಜನ ನುಗ್ಗಿದರು. ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಆ ಚಪ್ಪಾಳೆ ಅವನ ಕೆನ್ನೆಗೆ ಬಿದ್ದ ಹಾಗಾಯಿತು. ಅಲ್ಲಿಗೆ ಬಂದು ನಿಂತಿದ್ದ ವೆಲ್ಡರ್, ವಾಲ್ವಿನಲ್ಲಿ ಕೂತಿದ್ದ ಹಿಡಿಕೆಯನ್ನು ನೋಡಿ, ಇವನನ್ನು ನೋಡಿ, "ನಾನು ಗಟಾರದೊಳಗೆಲ್ಲ ಕೈ ಹಾಕಿ ಹುಡುಕಿದೆ ಕಣೋ," ಅಂದ. ಅಷ್ಟೇ ಅಂದು ಹೋದ.

ಹಡಗಿನ ದವಾಖಾನೆಯವರು ಅಮ್ಮನಿಗೆ ನಾವಿಕರ ಷರಾಯಿಯೊಂದನ್ನು ಕೊಟ್ಟರು. ಅದರ ಕಾಲನ್ನು ಮಡಚಿ ಮಡಚಿ ತೊಟ್ಟುಕೊಂಡು ಅವಳು ಬಸ್ಸು ಹತ್ತಿದಳು. ಮನೆಗೆ ಬಿಟ್ಟುಬರಲು ಅನುಮತಿ ಪಡೆದ ಮಗ ಪಕ್ಕದಲ್ಲಿ ಕೂತ. ತುಂಬ ದೂರ ಹೋದ ಮೇಲೆ, ಕಿಟಕಿಯ ಕಡೆಗೇ ಮುಖವಿಟ್ಟು, "ನಾನು ಕೇಳಿದಾಗಲೂ ಜೇಬಲ್ಲೇ ಇತ್ತಾ?" ಅಂದಳು.

"ಇತ್ತಮ್ಮ."

"ಹೂಂ," ಅಂದಳು.

ಮಾವನವರು ಬಯ್ಯುವರೆಂದು ಅವನು ಕಾದ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ, "ಪೈಪಿನ ಕೆಲಸದಲ್ಲಿ ಅವಮಾನ ಏನಪ್ಪ? ಡಿಪೋಗೆ ಸೇರಿದ ಹೊಸದರಲ್ಲಿ ನಾನು ಬಸ್ಸಿನೊಳಗಿನ ವಾಂತಿ ತೊಳೆದವನು," ಅಂದರು. "ಅದನ್ನ ನಿನ್ನ ಹತ್ರ ಹೇಳದೇ ಇದ್ದದ್ದು ನನ್ನ ತಪ್ಪು. ಆದ್ರೆ ಹೆತ್ತವಳು ಎದುರಿಗೆ ನಿಂತಿರೋವಾಗ..." ಮಾತನ್ನು ಅಲ್ಲಿಗೇ ಬಿಟ್ಟರು. ಇಂಜಿನ್ ಅಳಿಯ ಎಂದು ಆಮೇಲೆ ಅವರು ಕರೆಯಲಿಲ್ಲ. ಬೇರೆ ಹೆಸರಿನಿಂದಲೂ ಕರೆಯಲಿಲ್ಲ. "ಏನಪ್ಪ, ಬಂದ್ಯಾ," ಅಷ್ಟೇ.

ಈಗ ಯಾರು ಕೇಳಿದರೂ ಅವನು ಹೇಳುತ್ತಾನೆ, ಹಡಗಿನಲ್ಲಿ ಕಕ್ಕಸಿನ ಪೈಪು ನೋಡಿಕೊಳ್ಳುತ್ತೇನೆ ಎಂದು. ನಾಲಿಗೆ ತಡವರಿಸುವುದಿಲ್ಲ. ಅದರಲ್ಲಿ ಈಗ ನಾಚಿಕೆಯೇನೂ ಉಳಿದಿಲ್ಲ. ನಾಚಿಕೆ ಆ ಮನೆ ಬಿಟ್ಟು ಬೇರೆ ಮನೆಗೆ ಹೋಗಿ ಕೂತಿದೆ, ಅಲ್ಲಿಂದ ಏಳುವ ಹಾಗೆ ಕಾಣುವುದಿಲ್ಲ. ಹಡಗು ದೂರದ ಕಡಲಿಗೆ ಹೋಗಿ ಬಂತು. ಎಸೆಯುವ ಯಂತ್ರ ಹದಕ್ಕೆ ಬಂತು, ಲಿಫ್ಟು ಮಾತು ಕೇಳತೊಡಗಿತು, ಪೈಪುಗಳನ್ನೂ ದಪ್ಪದವಾಗಿ ಬದಲಿಸಿದರು.

ಅಮ್ಮ ಮಗನ ಮೇಲೆ ಕೋಪಿಸಿಕೊಳ್ಳಲಿಲ್ಲ. ರಜೆಗೆ ಬಂದರೆ ಮುಂಚಿನ ಹಾಗೆಯೇ ತಲೆ ಸವರುತ್ತಾಳೆ, ತೆಳ್ಳಗಾಗಿದ್ದೀಯ ಎನ್ನುತ್ತಾಳೆ. ಡಾಕ್ಟರ ಹತ್ತಿರಕ್ಕೋ ನೆಂಟರ ಮನೆಗೋ ಅವನ ಜೊತೆ ಹೊರಡುವ ದಿನ ಮಾತ್ರ ಬೆಳಗಿನಿಂದ ಬಾಯಿಗೆ ಹನಿ ನೀರು ಹಾಕುವುದಿಲ್ಲ. ಸೊಸೆಯ ಜೊತೆ ಹೋದರೆ ಕುಡಿಯುತ್ತಾಳೆ, ನೆರೆಯವರ ಜೊತೆ ಹೋದರೂ ಕುಡಿಯುತ್ತಾಳೆ. ಅವನು ಲೋಟ ಹಿಡಿದು ಮುಂದೆ ನಿಂತರೆ, "ಬೇಡಪ್ಪ, ದಾರೀಲಿ ಕಷ್ಟ," ಎಂದು ನಕ್ಕು, ಒಣಗಿದ ತುಟಿಯನ್ನು ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಲ್ಲುತ್ತಾಳೆ. ಅವನು ಆ ನೀರನ್ನು ತಾನೂ ಕುಡಿಯಲಾರದೆ, ಚೆಲ್ಲಲೂ ಆರದೆ, ಹಾಗೇ ಹಿಡಿದುಕೊಂಡಿರುತ್ತಾನೆ.