ಫರೀದನ ತಾಯಿ ಅಂಗಡಿ ತೆರೆದದ್ದು

ಲಂಡನ್ನಿನಲ್ಲಿ ಪಾಠ ಹೇಳಲು ನಿಂತ ಮೊದಲ ದಿನ ನಾನು ಎಲ್ಲರ ಹೆಸರು ಕೇಳಿದೆ, ಒಬ್ಬರೂ ಹೇಳಲಿಲ್ಲ. ಹ್ಯಾರೋದ ಒಂದು ಸಮುದಾಯ ಭವನದ ಹಿಂದಿನ ಕೋಣೆ. ಹಳೆಯ ಲ್ಯಾಪ್‌ಟಾಪ್‌ಗಳ ಹಿಂದೆ ತಲೆಗೆ ಬಣ್ಣದ ವಸ್ತ್ರ ಹೊದ್ದ ಅಫ್ಘನ್ ಹೆಂಗಸರು ಕೂತಿದ್ದರು. ಮೊದಲನೆಯವರು "ಮಾದರ್-ಎ-ಒಮರ್" ಎಂದರು, ಪಕ್ಕದವರು "ಮಾದರ್-ಎ-ಫರೀದ್" ಎಂದರು. ಮಾದರ್ ಎಂದರೆ ತಾಯಿ. ಒಮರನ ತಾಯಿ, ಫರೀದನ ತಾಯಿ, ಹೀಗೆ ಸಾಲು ಮುಗಿಯುವವರೆಗೆ ಬರೀ ತಾಯಂದಿರೇ. ಊರ ಮಕ್ಕಳ ಹೆಸರೆಲ್ಲ ಬರೆದುಕೊಂಡು, ನನ್ನ ವಿದ್ಯಾರ್ಥಿಗಳು ಯಾರೆಂದು ತಿಳಿಯದೆಯೇ ಪಾಠ ಶುರು ಮಾಡಿದೆ.

ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಈ ದೇಶ ತನ್ನೊಳಗೇ ಜಗಳವಾಡುತ್ತಿದ್ದ ಕಾಲ ಅದು. ನನ್ನ ಗಂಡನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದು, ಧಾರವಾಡದ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನಾನು ನೌಕರಿ ಬಿಟ್ಟು ಹ್ಯಾರೋದ ಪಕ್ಕದ ಕೆಂಟನ್ನಿನ ಒಂದು ಫ್ಲಾಟಿಗೆ ಬಂದಿದ್ದೆ. ಗುಜರಾತಿ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕ ದಿನ ನನಗೆ ಹಬ್ಬ. ಮನೆಗೆ ಬಂದವಳೇ ರೊಟ್ಟಿ ಬಡಿಯಲು ಕೂತೆ. ಕೆಳಗಿನ ಫ್ಲಾಟಿನ ಅಜ್ಜಿ ಮೇಲೆ ಬಂದು, ಎಲ್ಲ ಕ್ಷೇಮವೇ ಎಂದು ನಗುತ್ತ ಕೇಳಿದರು. ಎಂಥ ಅಕ್ಕರೆ ಎಂದುಕೊಂಡು ಬಿಸಿ ರೊಟ್ಟಿ ಕೊಟ್ಟು ಕಳಿಸಿದೆ. ಮುಂದಿನ ವಾರ ಮತ್ತೆ ಬಂದು ಮತ್ತೆ ಕ್ಷೇಮ ಕೇಳಿದರು. ಸದ್ದು ಸಾಕು ಮಾಡಿ ಎಂದು ಹೇಳಲು ಬಂದಿದ್ದರೆಂಬುದನ್ನು ಗಂಡ ಬಿಡಿಸಿ ಹೇಳಬೇಕಾಯಿತು. ಧಾರವಾಡದಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ಪಕ್ಕದ ಮನೆಯಿಂದ ಪಲ್ಯ ಬರುತ್ತಿತ್ತು.

ಕನ್ನಡದವರ ಕೂಟಗಳಿಗೆ ಹೋದರೆ ಅಲ್ಲಿ ನಾನು "ಡಾಕ್ಟರ ಮನೆಯವರು". ಕಂಪ್ಯೂಟರ್ ವಿಷಯ ಯಾರೂ ಕೇಳುವುದಿಲ್ಲ, ಚಕ್ಕುಲಿ ಎಲ್ಲಿ ಸಿಗುತ್ತದೆಂದು ಕೇಳುತ್ತಾರೆ. ಅದಕ್ಕೇ ಜಿಲ್ ಎಂಬ ಇಂಗ್ಲಿಷ್ ಹೆಂಗಸು ನಡೆಸುತ್ತಿದ್ದ ಈ ತರಗತಿಗೆ ಸಂಬಳವಿಲ್ಲದಿದ್ದರೂ ಓಡಿಹೋಗಿ ಸೇರಿಕೊಂಡೆ. ಇಂಗ್ಲಿಷ್, ಕಂಪ್ಯೂಟರ್, ಸ್ವಂತ ವ್ಯಾಪಾರ ಮೂರನ್ನೂ ಕಲಿಸಿ ಅಫ್ಘನ್ ಹೆಂಗಸರನ್ನು ಅವರವರ ಕಾಲ ಮೇಲೆ ನಿಲ್ಲಿಸಬೇಕೆಂಬುದು ಜಿಲ್‌ಳ ಹಟ. ನಾವು ಮಾತಾಡುತ್ತಿದ್ದದ್ದು ಹಿಂದಿಯಲ್ಲಿ. ಕಾಬೂಲಿನಲ್ಲಿ ಹಿಂದಿ ಧಾರಾವಾಹಿ ನೋಡಿ ಅವರು ಕಲಿತ ಹಿಂದಿ ನನ್ನ ಧಾರವಾಡದ ಹಿಂದಿಗಿಂತ ಎಷ್ಟೋ ಚೆಂದವಿತ್ತು. ಆದರೆ ಅತ್ತೆ ಸೊಸೆಯರ ಜಗಳಕ್ಕೆ ಬೇಕಾದ ಮಾತುಗಳೆಲ್ಲ ಇದ್ದ ಆ ಹಿಂದಿಯಲ್ಲಿ ಪಾಸ್‌ವರ್ಡ್ ಎಂದರೇನೆಂದು ವಿವರಿಸಲು ಇಬ್ಬರಿಗೂ ಬರುತ್ತಿರಲಿಲ್ಲ.

ಫರೀದನ ತಾಯಿಯ ಹೆಸರು ಲೈಲುಮಾ ಎಂದು ಬಹಳ ದಿನಗಳ ಮೇಲೆ ತಿಳಿಯಿತು. ಅದನ್ನೂ ಅವಳು ಕಿವಿಯ ಹತ್ತಿರ ಬಂದು ಹೇಳಿದಳು. ಅವರಲ್ಲಿ ಮದುವೆಯಾದ ಹೆಂಗಸಿನ ಹೆಸರನ್ನು ಹೊರಗಿನವರ ಮುಂದೆ ಹೇಳುವ ಪದ್ಧತಿಯಿಲ್ಲ, ಲಗ್ನಪತ್ರಿಕೆಯಲ್ಲೂ ಮದುಮಗಳ ಹೆಸರು ಇರುವುದಿಲ್ಲವಂತೆ. ಕೇಳಿ ನನಗೆ ಮೈ ಉರಿಯಿತು. ಮನೆಗೆ ಬಂದು ಗಂಡನ ಮುಂದೆ ಹಾರಾಡಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ನೀ ಕಂಪ್ಯೂಟರ್ ಕಲಸ್ಲಿಕ್ಕೆ ಹೋಗೀಯೋ, ಜಗತ್ತ ತಿದ್ಲಿಕ್ಕೆ ಹೋಗೀಯೋ?" ಎಂದರು. ಉತ್ತರ ಕೊಡಲು ಬಾಯಿ ತೆರೆದವಳಿಗೆ ನಮ್ಮವ್ವ ನೆನಪಾದಳು. ಜನಗಣತಿಯವರು ಬಂದಾಗ ಅಪ್ಪನ ಹೆಸರು ಹೇಳಲಾರದೆ ನನ್ನನ್ನು ಕೂಗಿ ಹೇಳಿಸುತ್ತಿದ್ದಳು. ಮದುವೆಮನೆಗಳಲ್ಲಿ ಪದ್ಯದೊಳಗೆ ಸೇರಿಸಿ ಒಡಪು ಕಟ್ಟಿ ಹೇಳಿದರಷ್ಟೇ ಆ ಹೆಸರು ಅವಳ ಬಾಯಿಂದ ಬರುತ್ತಿತ್ತು. ಇಷ್ಟು ಓದಿದ ನಾನೂ ಲಂಡನ್ನಿನ ಬಸ್ಸಿನಲ್ಲಿ ಗಂಡನನ್ನು "ರೀ" ಎಂದೇ ಕರೆಯುತ್ತೇನೆ. ಚಹಾ ಮಾಡಲು ಹೋದೆ.

ಲೈಲುಮಾ ಬೋಲಾನಿ ಮಾಡುವುದರಲ್ಲಿ ಎತ್ತಿದ ಕೈ. ಆಲೂಗಡ್ಡೆ, ಸೊಪ್ಪು ತುಂಬಿ ತೆಳ್ಳಗೆ ಲಟ್ಟಿಸಿ ಬೇಯಿಸಿದ ರೊಟ್ಟಿ ಅದು, ನಮ್ಮ ಹೋಳಿಗೆಗೆ ಖಾರದ ಹೂರಣ ತುಂಬಿದ ಹಾಗೆ. ಅದನ್ನು ಮಾರಬೇಕೆಂಬುದು ಅವಳ ಆಸೆ. ಆದರೆ ಅವಳಿದ್ದ ಬಾಡಿಗೆ ಮನೆಯಲ್ಲಿ ಇನ್ನೆರಡು ಸಂಸಾರಗಳಿಗೂ ಅದೇ ಅಡುಗೆಮನೆ. ತರಗತಿಯ ಕೊನೆಯಲ್ಲಿ ಯಾರ ವ್ಯಾಪಾರದ ವೆಬ್‌ಪೇಜ್ ಚೆನ್ನಾಗಿರುತ್ತದೋ ಅವರಿಗೆ ಸಮುದಾಯ ಭವನದ ದೊಡ್ಡ ಅಡುಗೆಮನೆಯನ್ನು ಬಿಟ್ಟುಕೊಡುವುದಾಗಿ ಜಿಲ್ ಹೇಳಿದ್ದಳು. ಒಂದೇ ಷರತ್ತು, ಪೇಜಿನ ಮೇಲೆ ಒಡತಿಯ ಹೆಸರೂ ಫೋಟೋನೂ ಇರಬೇಕು.

ಇನ್ನೇನು, ಅವಳ ಗಂಡ ಅಡ್ಡಿ ಮಾಡುತ್ತಾನೆ ಎಂದು ನಾನು ಜಗಳಕ್ಕೆ ಟೊಂಕ ಕಟ್ಟಿ ನಿಂತೆ. ಮಿನಿಕ್ಯಾಬ್ ಓಡಿಸುವ ಆ ಸಾಧು ಮನುಷ್ಯ, ಅದು ಫರೀದನ ತಾಯಿಯ ಇಷ್ಟ, ನನ್ನದೇನಿಲ್ಲ ಎಂದುಬಿಟ್ಟ. ನನಗೆ ನಿರಾಸೆಯೇ ಆಯಿತೆನ್ನಬೇಕು. ಲೈಲುಮಾಳ ಹೆದರಿಕೆ ಅವನದಲ್ಲ, ಸುತ್ತಲಿನ ಅಫ್ಘನ್ ಹೆಂಗಸರದು. ಹೆರಿಗೆಯಲ್ಲಿ ಬಾಣಂತನ ಮಾಡಿದವರು, ಜ್ವರ ಬಂದರೆ ಗಂಜಿ ತಂದುಕೊಟ್ಟವರು ಅವರು. ಬೀದಿಗೆ ಹೆಸರು ಹಾಕಿದವಳು ಎಂದು ಅವರು ದೂರವಾದರೆ ಈ ಊರಿನಲ್ಲಿ ತನಗೆ ಯಾರು ಎಂದು ಕೇಳಿದಳು. "ಟೀಚರ್ ಜಾನ್, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?" ಜಾನ್ ಎಂದರೆ ಪ್ರೀತಿಯವರು. ಹಾಕುತ್ತಿದ್ದೆ ಎನ್ನಲು ಹೋದೆ, ಹಾಕುತ್ತಿರಲಿಲ್ಲ ಎನ್ನಲು ಹೋದೆ, ಎರಡೂ ಸುಳ್ಳೆನಿಸಿತು. ಅವಳೇ ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು, ಒಂದೇ ಬೆರಳಿನಿಂದ "ಲೈಲುಮಾ ಬೋಲಾನಿ" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ಫೋಟೋ ತೆಗೆಯುವಾಗ ನಕ್ಕಳು.

ಅಡುಗೆಮನೆ ಅವಳಿಗೇ ಸಿಕ್ಕಿತು. ಕೆಂಟನ್ನಿನ ಗುಜರಾತಿ ಮನೆಗಳಿಂದ, ಪಿನ್ನರಿನ ಹುಟ್ಟುಹಬ್ಬದ ಪಾರ್ಟಿಗಳಿಂದ, ನಮ್ಮ ಕನ್ನಡ ಕೂಟದಿಂದಲೂ ಆರ್ಡರ್ ಬಂದವು. ಕುಂದಾಪುರದ ಹೋಟೆಲಿನವರೊಬ್ಬರು ತಿಂದು, "ಮಾರಾಯ್ರೆ, ಇದಕ್ಕೊಂದ್ ಚಟ್ನಿ ಇದ್ರೆ ಮತ್ತೇನ್ ಬೇಡ" ಎಂದರು. ಜಿಲ್ ಎಲ್ಲ ಕಡೆ ಲೈಲುಮಾಳ ಕಥೆ ಹೇಳಿಕೊಂಡು ತಿರುಗಿದಳು. ಅಫ್ಘನ್ ಮನೆಗಳಿಂದ ಮಾತ್ರ ಒಂದು ಆರ್ಡರೂ ಬರಲಿಲ್ಲ. ಬೈದವರಿಲ್ಲ, ಜಗಳವಾಡಿದವರಿಲ್ಲ. ಮೊದಲೆಲ್ಲ ಚಹಾಕ್ಕೆ ಬರುತ್ತಿದ್ದವರಿಗೆ ಈಗ ಒಬ್ಬೊಬ್ಬರಿಗೂ ಏನಾದರೊಂದು ಕೆಲಸವಿರುತ್ತಿತ್ತು. ಇದರ ಲಾಭ ನಷ್ಟ ಹೇಗೆ ಲೆಕ್ಕ ಹಾಕುವುದೆಂದು ನನಗೆ ತಿಳಿಯಲಿಲ್ಲ. ಇಂದಿಗೂ ತಿಳಿದಿಲ್ಲ.

ಮುಂದಿನ ಮಾರ್ಚಿನಲ್ಲಿ ಅವರ ಹೊಸ ವರ್ಷ, ನವ್ರೋಜ್ ಬಂತು. ನಮ್ಮ ಯುಗಾದಿಯ ಆಸುಪಾಸಿನಲ್ಲೇ ಅದೂ ಬರುತ್ತದೆ. ಏಳು ಬಗೆಯ ಒಣಹಣ್ಣು, ಬೀಜಗಳನ್ನು ನೀರಿನಲ್ಲಿ ನೆನೆಸಿ, ಮನೆಗೆ ಬಂದವರಿಗೆಲ್ಲ ಬಟ್ಟಲಲ್ಲಿ ಕೊಡುತ್ತಾರೆ. ಲೈಲುಮಾ ಕರೆದಳೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋದೆ. ಈಗ ಅವಳದೇ ಪುಟ್ಟ ಫ್ಲಾಟು. ಮೇಜಿನ ತುಂಬ ಬಟ್ಟಲು ತುಂಬಿಸಿಟ್ಟಿದ್ದಳು. ಮಧ್ಯಾಹ್ನ ಕಳೆದು ಸಂಜೆಯಾದರೂ ನಾನೊಬ್ಬಳೇ ಅತಿಥಿ. ದಾಕ್ಷಿಣ್ಯಕ್ಕೆ ಎರಡನೆಯ ಬಟ್ಟಲಿಗೂ ಕೈ ಹಾಕಿದೆ.

"ನೀವು ಬಂದದ್ದು ಸಂತೋಷ, ಟೀಚರ್ ಜಾನ್," ಎಂದಳು. "ಆದರೆ ನೀವು ಬಂದರೆ ಅವರು ಬಂದಂತೆ ಆಗುವುದಿಲ್ಲ."

ನನಗೆ ಬೇಸರವಾಗಬೇಕಿತ್ತು, ಆಗಲಿಲ್ಲ. ಹಿಂದಿನ ಯುಗಾದಿಗೆ ನಮ್ಮ ಮನೆಯಲ್ಲಿ ಬೇವುಬೆಲ್ಲ ತಿಂದು ಅವಳು ಮುಖ ಹಿಂಡಿದಾಗ ನಾನೂ ನಕ್ಕಿದ್ದೆ. ಆ ನಗೆಯ ನಡುವೆಯೇ ಇವಳ ಜಾಗದಲ್ಲಿ ನಮ್ಮ ಓಣಿಯವರು ಯಾರಾದರೂ ಇರಬೇಕಿತ್ತು ಎನಿಸಿತ್ತು. ಊರಿಗೆ ಫೋನು ಮಾಡಿದರೆ ಅವರಿಗೆ ನಾನು ಲಂಡನ್ನಿನವಳು.

ಆಗ ಕಿಣಿ ಕಿಣಿ ಸದ್ದಾಯಿತು. ಲೈಲುಮಾ ತಲೆಯ ವಸ್ತ್ರ ಸರಿಮಾಡಿಕೊಂಡು ಓಡಿಹೋಗಿ ಬಾಗಿಲು ತೆರೆದಳು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಸದ್ದು ಮಾಡಿದ್ದು ಮೇಜಿನ ಮೇಲಿದ್ದ ಅವಳ ಫೋನು, ಮದುವೆಯೊಂದಕ್ಕೆ ದೊಡ್ಡ ಆರ್ಡರ್ ಬಂದಿತ್ತು. ಅದನ್ನು ಓದಿ, ಸರಿಯಾಗಿ ಓದಿದೆನೇ ಎಂದು ನನಗೂ ತೋರಿಸಿದಳು. ಸರಿಯಾಗಿಯೇ ಓದಿದ್ದಳು. ಆಮೇಲೆ ಉಳಿದ ಬಟ್ಟಲುಗಳಿಗೆ ಒಂದೊಂದಾಗಿ ತಟ್ಟೆ ಮುಚ್ಚಿದಳು, ಎತ್ತಿಡಲಿಲ್ಲ. ಬಾಗಿಲು ತೆರೆದೇ ಇತ್ತು. ಇಬ್ಬರೂ ಅತ್ತ ಮುಖ ಮಾಡಿ ಕೂತೆವು. ಅವಳು ಯಾರಿಗೆ ಕಾಯುತ್ತಿದ್ದಾಳೆಂದು ನನಗೆ ಗೊತ್ತಿತ್ತು. ನಾನು ಯಾರಿಗೆ ಕಾಯುತ್ತಿದ್ದೆನೋ ತಿಳಿಯಲಿಲ್ಲ.