ಕಸ್ಮಿನಾ ಅವರ ಬೆರಳು, ಮಸ್ರುಖಾನರ ಹಕ್ಕಿ

ಬೆಳಗಿನ ನಮಾಜಿಗೆ ಹೋದವರು ಇನ್ನೂ ಮನೆಗೆ ಮರಳಿಲ್ಲ. ಇಂಡೊನೇಷ್ಯಾದ ಮರಗೆತ್ತನೆಯ ಊರು ಜೆಪಾರಾದ ಒಂದು ಹಿಂದಿನ ಓಣಿಯ ಕೆತ್ತನೆ ಶೆಡ್ಡಿನಲ್ಲಿ ನಲವತ್ತೇಳರ ಕಸ್ಮಿನಾ ಆಗಲೇ ಒಂದು ಹಳೇ ಕಂಪ್ಯೂಟರಿನ ಜೀವ ಹಿಂಡುತ್ತಿದ್ದಾರೆ. ಪರದೆಯ ಮೇಲೆ ಒಂದರ ಮೇಲೊಂದು ಕಿಟಕಿ ತೆರೆಯುತ್ತಾರೆ, ಎಳೆದಾಡುತ್ತಾರೆ, ಮುಚ್ಚುತ್ತಾರೆ. ದೊಡ್ಡ ಫೈಲೊಂದನ್ನು ಸುಮ್ಮಸುಮ್ಮನೆ ಅತ್ತಿಂದಿತ್ತ ಕಾಪಿ ಮಾಡುತ್ತಾರೆ. ಮೂಲೆಯಲ್ಲಿ ಒಂದು ಅಂಕಿ ಇದೆ: ಹನ್ನೊಂದು. ಕಣ್ಣೆಲ್ಲ ಅದರ ಮೇಲೆಯೇ. ಕೂತವರು ಏಳುತ್ತಾರೆ, ಎದ್ದವರು ಮತ್ತೆ ಕೂರುತ್ತಾರೆ. ತಂದಿಟ್ಟ ಕರಿ ಕಾಫಿ ಆರಿಹೋಗಿದೆ.

"ಇದಕ್ಕೆ ನೆಮ್ಮದಿ ಕೊಡಬಾರ್ದು ನೋಡಿ," ಅನ್ನುತ್ತಾರೆ. "ಸುಮ್ನಿದ್ದಾಗ ಎಲ್ರೂ ಒಳ್ಳೇವ್ರೇ. ಕಾಟ ಕೊಟ್ಟಾಗ್ಲೇ ಬಂಡವಾಳ ಗೊತ್ತಾಗೋದು."

ಈ ಕಂಪ್ಯೂಟರ್ ಪಕ್ಕದ ಕೆತ್ತನೆ ಯಂತ್ರದ ಮೋಟಾರಿಗೆ ಸೆಕೆಂಡಿಗೆ ಸಾವಿರಾರು ಸಲ ಹೆಜ್ಜೆ ಇಡಲು ಹೇಳುತ್ತಿರಬೇಕು. ಒಂದು ಮಾತು ತಡವಾದರೆ ಮೋಟಾರು ಮುಗ್ಗರಿಸುತ್ತದೆ. ಮುಗ್ಗರಿಸಿದ್ದು ಕಂಪ್ಯೂಟರಿಗೆ ತಿಳಿಯುವುದೇ ಇಲ್ಲ. ಅಲ್ಲಿಂದಾಚೆಯ ಬಳ್ಳಿ, ಹೂವು ಎಲ್ಲ ಪಕ್ಕಕ್ಕೆ ಸರಿದು ಬೀಳುತ್ತವೆ. ಆ ತಡ ಎಷ್ಟೆಂಬುದೇ ಪರದೆಯ ಅಂಕಿ. ಲೆಕ್ಕ ಮೈಕ್ರೋಸೆಕೆಂಡಿನಲ್ಲಿ, ಅಂದರೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನಲ್ಲಿ. ಹತ್ತು ಹದಿನೈದಾದರೆ ಕೆಲಸ ನಡೆಯುತ್ತದೆ. ನೂರು ದಾಟಿತೋ, ಮರ ಹೋಯಿತು ಅಂತಲೇ ಲೆಕ್ಕ.

ಇವತ್ತು ಹೋಗಬಾರದು. ಓಣಿಯ ಪ್ರಾರ್ಥನಾ ಮನೆಯ ಅಂಗಳದಲ್ಲಿ ಬಿದ್ದ ಮುದಿ ತೇಗದಿಂದ ಬಾಗಿಲುಗಳಿಗೆಂದು ಅಗಲವಾದ ಮೂರು ಹಲಗೆ ಸಿಕ್ಕಿದ್ದವು. ಒಂದು ಬಾಗಿಲು ಕೆತ್ತಿ ಆಗಿದೆ. ಎರಡನೆಯದು ಹೋದ ತಿಂಗಳು ಅರ್ಧದಲ್ಲಿ ಹಾಳಾಗಿ ಗೋಡೆಗೆ ಒರಗಿಕೊಂಡಿದೆ. ಉಳಿದಿರುವುದು ಒಂದೇ ಹಲಗೆ. ಎರಡನೆಯದನ್ನು ಏರಿಸುವ ಮುನ್ನ ಅಂಕಿ ನೋಡಿ "ಧೈರ್ಯವಾಗಿ ಕೆತ್ತಿ" ಅಂದವರು ಇದೇ ಕಸ್ಮಿನಾ. "ಉಜ್ಜೋ ಹೆಂಗಸಿಗೆ ಕಂಪ್ಯೂಟರ್ ಕೊಟ್ರೆ ಇನ್ನೇನಾಗತ್ತೆ" ಅನ್ನುವ ಮಾತು ಓಣಿಯ ತುದಿಯ ಕರಿದ ತಿಂಡಿ ಗಾಡಿಯವರೆಗೂ ಹೋಗಿದೆ. ಅವರ ಕಿವಿಗೂ ಬಿದ್ದಿದೆ. ಬಿದ್ದ ದಿನದಿಂದ ಊಟ ಸರಿಯಾಗಿ ಸೇರುತ್ತಿಲ್ಲ.

ಉಜ್ಜುವ ಹೆಂಗಸಾಗಿದ್ದದ್ದು ನಿಜವೇ. ಗಂಡಸರು ಕೆತ್ತಿದ್ದನ್ನು ಹೆಂಗಸರು ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡುವುದು ಇಲ್ಲಿನ ರೂಢಿ. ಹತ್ತೊಂಬತ್ತು ವರ್ಷ ಕಸ್ಮಿನಾ ಅದನ್ನೇ ಮಾಡಿ, ಮರದ ಧೂಳು ಕುಡಿದು ಕೆಮ್ಮು ಹತ್ತಿಸಿಕೊಂಡರು. ಯಂತ್ರಗಳು ಬಂದಾಗ ಅವು ಕೆತ್ತಿದ ಎಲೆಗಳ ಅಂಚಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಅಲೆ ಅವರ ಬೆರಳಿಗೆ ಸಿಕ್ಕಿತು. ಯಂತ್ರದವರು ನಕ್ಕರು. ಹಟಕ್ಕೆ ಬಿದ್ದ ಅವರು ಅಲೆಯ ಜಾಡು ಹಿಡಿದು ಕಂಪ್ಯೂಟರಿನೊಳಗೇ ಹೋದರು. "ಇಂಗ್ಲಿಷ್ ಬರಲ್ಲ. ಒಂದೊಂದೇ ಆಫ್ ಮಾಡ್ತಾ, ಅಂಕಿ ಇಳಿತಾ ನೋಡ್ತಾ ಕಲ್ತೆ."

ಶಾಲೆ, ಕಚೇರಿಗಳು ಎಸೆದ ಹದಿನೈದು ವರ್ಷದ ಕಂಪ್ಯೂಟರ್ ಪೆಟ್ಟಿಗೆಗಳಿಗೆ ಪುಕ್ಕಟೆ ಸಿಗುವ ಲಿನಕ್ಸ್ ತಂತ್ರಾಂಶ ಹಾಕಿ ಯಂತ್ರಕ್ಕೆ ಜೋಡಿಸಿದ ಶೆಡ್ಡುಗಳೇ ಇಲ್ಲಿ ಹೆಚ್ಚು. ಕಸ್ಮಿನಾ ದಿನಕ್ಕೆ ಮೂರು ಶೆಡ್ಡು ಸುತ್ತುತ್ತಾರೆ. ಅರವತ್ತನಾಲ್ಕು ಕಂಪ್ಯೂಟರುಗಳ ನಾಡಿ ಅವರ ಕೈಯಲ್ಲಿದೆ. ವಿದ್ಯುತ್ ಉಳಿಸಲೆಂದು ತೂಕಡಿಸುವ ಅಭ್ಯಾಸ ಬಿಡಿಸುತ್ತಾರೆ, ಬೇಡದ ಕೆಲಸಗಳನ್ನೆಲ್ಲ ನಿಲ್ಲಿಸುತ್ತಾರೆ, ಎರಡು ಮಿದುಳಿದ್ದರೆ ಒಂದನ್ನು ಯಂತ್ರಕ್ಕೇ ಮೀಸಲಿಡುತ್ತಾರೆ.

ಬಿಸಿಲು ಏರಿದೆ. ಅಂಕಿ ಇನ್ನೂ ಹನ್ನೊಂದು. ಶೆಡ್ಡಿನ ಯಜಮಾನ ಮಸ್ರುಖಾನ್ ಚಡಪಡಿಸುತ್ತಿದ್ದಾರೆ.

"ಸರಿ ಇದೆಯಲ್ಲಕ್ಕ, ಶುರು ಮಾಡೋಣ್ವಾ?"

"ಹೋದ ತಿಂಗ್ಳೂ ಸರಿ ಇತ್ತು, ಅಣ್ಣ."

"ಮತ್ತೆ ಇನ್ನೆಷ್ಟು ಹೊತ್ತು ಇದರ ಮುಖ ನೋಡ್ತಾ ಕೂರೋದು?"

ಕಸ್ಮಿನಾ ಇನ್ನೊಂದು ಕಿಟಕಿ ತೆರೆಯುತ್ತಾರೆ. ಹಲಗೆ ಕೆಡಿಸಿದ ಕಳ್ಳ ಮನೆಯೊಳಗೇ ಇದ್ದಾನೆ, ಸಿಗುತ್ತಿಲ್ಲ. ಆಗ ಪರದೆಯ ಮೇಲುಗಡೆ ತೂಗುವ ಪಂಜರದಲ್ಲಿ ಮಸ್ರುಖಾನರ ಮಡಿವಾಳ ಹಕ್ಕಿ ಬಾಯಿ ಬಿಡುತ್ತದೆ. ಮೊದಲು ಗುಬ್ಬಿಯ ಚಿಲಿಪಿಲಿ. ಆಮೇಲೆ ಬೆಕ್ಕಿನಂತೆ ಮಿಯಾಂವ್. ಆಮೇಲೆ ಉದ್ದಕ್ಕೆ, ಉಸಿರು ತೆಗೆದುಕೊಳ್ಳದೆ, ಮರಕುಟಿಗದ ಕೂಗು.

ಕಸ್ಮಿನಾ ಮೌಸ್ ಬಿಟ್ಟು ನಿಧಾನವಾಗಿ ತಿರುಗುತ್ತಾರೆ. "ಮರಕುಟಿಗದ ಕೂಗು ಯಾವಾಗ ಕಲೀತು ಇದು?"

ಮಸ್ರುಖಾನ್ ಪಂಜರ ನೋಡುತ್ತಾರೆ, ನೆಲ ನೋಡುತ್ತಾರೆ. ಹಾಡಿನ ಸ್ಪರ್ಧೆಗೆ ಹಕ್ಕಿ ತಯಾರು ಮಾಡುವವರು ಬೇರೆ ಹಕ್ಕಿಗಳ ರೆಕಾರ್ಡು ಹಾಕಿ ಕಲಿಸುತ್ತಾರೆ. ಈ ಕಂಪ್ಯೂಟರಿನಲ್ಲಿದ್ದ ಅಂಥ ರೆಕಾರ್ಡುಗಳನ್ನು ಯಂತ್ರದ ಕೆಲಸಕ್ಕೆ ಅಡ್ಡಿಯೆಂದು ಎರಡು ತಿಂಗಳ ಹಿಂದೆಯೇ ಕಸ್ಮಿನಾ ಅಳಿಸಿದ್ದರು, ಮತ್ತೆ ಹಾಕಬಾರದೆಂದು ಆಣೆಯನ್ನೂ ಮಾಡಿಸಿದ್ದರು.

"ಭಾನುವಾರ ಸ್ಪರ್ಧೆ ಅಕ್ಕ… ಗದ್ದಲದಲ್ಲೂ ಹಾಡೋ ಧೈರ್ಯ ಬರ್ಲಿ ಅಂತ, ಯಂತ್ರ ಓಡುವಾಗ ಒಂಚೂರು…"

"ಹಾಕಿ ಈಗ."

"ಬೇಡ ಬಿಡಿ ಅಕ್ಕ."

"ಹಾಕಿ ಅಂದೆ!"

ಸ್ಪೀಕರಿನಲ್ಲಿ ಮರಕುಟಿಗ ಕೂಗಿದ್ದೇ ತಡ, ಹನ್ನೊಂದಿದ್ದ ಅಂಕಿ ಒಂದೇ ನೆಗೆತಕ್ಕೆ ನೂರನಲವತ್ತೆರಡು. ಕಸ್ಮಿನಾ ಜೋರಾಗಿ ನಗುತ್ತಾರೆ, ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಾರೆ. ತಿಂಗಳಿಂದ ಎದೆ ಮೇಲಿದ್ದ ಕಲ್ಲು ಇಳಿದಿದೆ.

"ನಿಮ್ಮ ಹಕ್ಕಿ ನಿಮಗಿಂತ ಸತ್ಯವಂತ, ಅಣ್ಣ. ತಪ್ಪು ನಂದೂ ಇದೆ. ಎಲ್ಲ ಕಾಟನೂ ಕೊಟ್ಟೆ, ಸದ್ದಿನ ಕಾಟ ಕೊಡ್ಲಿಲ್ಲ. ನಿಮ್ಮ ಆಣೆ ನಂಬ್ಕೊಂಡು ಕೂತೆ."

ಮೊದಲು ಶೆಡ್ಡಿನಲ್ಲಿ ಎರಡು ಕೆಲಸ ಆಗುತ್ತವೆ. ಕಂಪ್ಯೂಟರಿನ ಸೆಟ್ಟಿಂಗಿನಲ್ಲೇ ಸದ್ದು ಬಂದ್. ಹಕ್ಕಿಯ ಪಾಠಕ್ಕೆ ಮಸ್ರುಖಾನರ ಹಳೇ ಮೊಬೈಲು. ಕೊನೆಯ ಹಲಗೆ ಯಂತ್ರಕ್ಕೆ ಏರುತ್ತದೆ. ಕೆತ್ತನೆ ನಡೆಯುವ ಆರೂವರೆ ಗಂಟೆಯೂ ಕಸ್ಮಿನಾ ಕೂರುವುದಿಲ್ಲ. ಶೆಡ್ಡಿನ ಹೊಸ್ತಿಲಿಗೂ ಯಂತ್ರಕ್ಕೂ ನಡೆಯುತ್ತಲೇ ಇರುತ್ತಾರೆ. ಮಸ್ರುಖಾನರ ಹೆಂಡತಿ ತಂದ ಮೀನಿನ ಸಾರು, ಅನ್ನ ಹಾಗೇ ಇದೆ.

ಯಂತ್ರ ನಿಂತಾಗ ಓಣಿಯ ಎಂಟು ಹತ್ತು ಜನ ಹೊಸ್ತಿಲಲ್ಲಿದ್ದಾರೆ. ಕಸ್ಮಿನಾ ಪರದೆಯನ್ನು ನೋಡುವುದೇ ಇಲ್ಲ. ಕಣ್ಣು ಮುಚ್ಚಿ, ಬಳ್ಳಿಯ ಬುಡದಿಂದ ತುದಿಯವರೆಗೆ ಬೆರಳು ಹಾಯಿಸುತ್ತಾರೆ, ಮತ್ತೊಮ್ಮೆ ಹಾಯಿಸುತ್ತಾರೆ. ಬೆರಳು ಎಲ್ಲೂ ನಿಲ್ಲುವುದಿಲ್ಲ.

ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಆರಿದ ಅನ್ನದ ತಟ್ಟೆಯನ್ನು ಹತ್ತಿರ ಎಳೆದುಕೊಳ್ಳುತ್ತಾರೆ.

"ನಾಳೆ ಇದನ್ನ ಉಜ್ಜಕ್ಕೆ ಒಬ್ಬಳು ಬರ್ತಾಳೆ. ಅವಳು ಯಂತ್ರಕ್ಕೆ ಶಾಪ ಹಾಕ್ದೇ, ಹೊತ್ತು ಮುಳುಗೋದ್ರೊಳಗೆ ಮನೆಗೆ ಹೋಗ್ಬೇಕು. ಅಷ್ಟೇ ನಂಗೆ."